ಮುನಿಸಿಗೆ ಒಂದೇ ಸೀಟು

ಟಿವಿ ಪರದೆಯ ಕೆಳಗೆ ಓಡುತ್ತಲ್ಲ, ಆ ಪಟ್ಟಿಗೆ ನಾವು ಟಿಕ್ಕರ್ ಅಂತೀವಿ. ಅಲ್ಲಿ ಜಾಗ ಬಹಳ ಕಮ್ಮಿ. ಮೂರು ಪದ, ಹೆಚ್ಚೆಂದರೆ ನಾಲ್ಕು. ಹಾಗಾಗಿ ಚಿಕ್ಕ ಪದಗಳಿಗೆ ನಮ್ಮ ಡೆಸ್ಕಿನಲ್ಲಿ ಭಾರಿ ಬೆಲೆ. ಅಸಮಾಧಾನ ಅಂತ ಬರೆದರೆ ಉದ್ದ, ಭಿನ್ನಾಭಿಪ್ರಾಯ ಅಂದರೆ ಇನ್ನೂ ಉದ್ದ. 'ಮುನಿಸು' ಅಂದ್ರೆ ಮೂರೇ ಅಕ್ಷರ, ಮುಗೀತು. ಸಚಿವರ ಮುನಿಸು, ಶಾಸಕರ ಮುನಿಸು, ಹಿರಿಯ ನಾಯಕರ ಮುನಿಸು. ಮಳೆ ಬರಲಿಲ್ಲವಾ, ವರುಣನ ಮುನಿಸು. ದಿನಕ್ಕೆ ಎಷ್ಟು ಸಲ ಈ ಪದವನ್ನು ನಿಮ್ಮ ಮನೆಯೊಳಗೆ ಕಳಿಸ್ತೀವೋ ನಮಗೇ ಲೆಕ್ಕವಿಲ್ಲ.

ಒಂದು ದಿನ ಬಿಡದಿ ಕೈಗಾರಿಕಾ ಪ್ರದೇಶದಿಂದ ಸುದ್ದಿ ಬಂತು. ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆ, ಹೆಸರು ಬೇಡ. ಗೇಟಿನ ಹೊರಗೆ ಶಾಮಿಯಾನ ಹಾಕಿಕೊಂಡು ಕಾರ್ಮಿಕರು ಕೂತಿದ್ದಾರೆ. ನಮ್ಮ ಟಿಕ್ಕರ್ ಓಡಿತು: 'ಬಿಡದಿ: ಕಾರ್ಮಿಕರ ಮುನಿಸು'. ಬುಲೆಟಿನ್ ಓದುತ್ತಿದ್ದವನು ನಾನೇ. ಓದಿದ್ದು ಸಾಲದು ಅಂತ, ಈ ಮುನಿಸು ಯಾವಾಗ ಶಮನ ಆಗುತ್ತೋ ಕಾದು ನೋಡಬೇಕು ಅಂತ ಒಂದು ಸಾಲು ಕೈಯಿಂದ ಸೇರಿಸಿದೆ. ಸ್ವಲ್ಪ ನಗುಮುಖವೂ ಇತ್ತು ಅನ್ನಿಸುತ್ತೆ.

ಅದಾಗಿ ಎರಡು ದಿನಕ್ಕೆ ಬೇರೆ ಕೆಲಸದ ಮೇಲೆ ಮೈಸೂರು ರಸ್ತೆಯಲ್ಲಿ ಹೊರಟಿದ್ದೆ. ಬಿಡದಿ ದಾಟುವಾಗ ತಟ್ಟೆ ಇಡ್ಲಿ ತಿನ್ನದೆ ಹೋಗುವ ಪದ್ಧತಿ ನಮ್ಮ ತಂಡದಲ್ಲಿಲ್ಲ. ಇಡ್ಲಿ ಮೇಲೆ ಬೆಣ್ಣೆ ಕರಗುತ್ತಿತ್ತು, ಪಕ್ಕದಲ್ಲಿ ಒಬ್ಬರು ಬಂದು ನಿಂತರು. ಕಾರ್ಖಾನೆ ಸಮವಸ್ತ್ರ, ಜೇಬಿನಲ್ಲಿ ಪೆನ್ನು.

"ಸಾರ್, ನಿಮ್ ಪ್ರೋಗ್ರಾಂ ಮನೇಲಿ ಎಲ್ರೂ ನೋಡ್ತೀವಿ. ಒಂದ್ ಮಾತ್ ಕೇಳ್ಲಾ, ಬೇಜಾರ್ ಮಾಡ್ಕಬಾರ್ದು."

ಕೇಳಿ ಅಂದೆ.

"ಮುನಿಸ್ಕಳಕ್ಕೆ ನಾವೇನ್ ಹಬ್ಬಕ್ ಬಂದಿರೋ ಹೊಸ ಅಳಿಯಂದ್ರಾ ಸಾರ್?"

ಜೇಬಿನಿಂದ ನಾಲ್ಕು ಮಡಿಕೆಯ ಜೆರಾಕ್ಸ್ ತೆಗೆದು ಮೇಜಿನ ಮೇಲೆ ಬಿಡಿಸಿದರು. ಐದು ಬೇಡಿಕೆ. ಒಂದೊಂದಕ್ಕೂ ನಂಬರು, ಕೆಳಗೆ ಸಹಿಗಳು, ಸ್ವೀಕರಿಸಿದ್ದಕ್ಕೆ ಸೀಲು, ತಾರೀಖು. "ನಾವ್ ಮಖ ದಪ್ಪ ಮಾಡ್ಕಂಡ್ ಕೂತಿಲ್ಲ ಸಾರ್. ಬಾಯ್ ಬಿಟ್ ಹೇಳಿದ್ದೀವಿ, ಬರ್ದೂ ಕೊಟ್ಟಿದ್ದೀವಿ." ಅಷ್ಟು ಹೇಳಿ ತಮ್ಮ ಫೋನ್ ನಂಬರನ್ನೂ ಕೊಟ್ಟು ಹೋದರು. ನನ್ನ ಇಡ್ಲಿ ತಣ್ಣಗಾಗಿತ್ತು. ನಿಜ ಹೇಳಬೇಕಂದ್ರೆ ಆ ಕ್ಷಣ ನನಗೆ ಸಿಟ್ಟೇ ಬಂತು. ಕಾರಿನಲ್ಲಿ ಮೈಸೂರು ಮುಟ್ಟುವವರೆಗೆ ಯಾರ ಜೊತೆಯೂ ಮಾತಾಡಲಿಲ್ಲ. ಕ್ಯಾಮೆರಾಮನ್ ಕೇಳಿದ, "ಏನ್ ಸಾರ್, ಮುನಿಸಾ?"

ಆಮೇಲೆ ಮನೆಗೆ ಬಂದು ನಿಘಂಟು ತೆಗೆದೆ. ನಮ್ಮ ಡೆಸ್ಕಿನಲ್ಲಿ ಈ ಪದ ಇಷ್ಟೊಂದು ಓಡಾಡುವುದಕ್ಕೆ ಒಂದು ಕಾರಣ ಇಂಗ್ಲಿಷ್ ಕಾಪಿ. ಅಲ್ಲಿ 'ಸಲ್ಕ್' ಅಂತ ಕಂಡರೆ ಇಲ್ಲಿ 'ಮುನಿಸು' ಅಂತ ಬೆರಳು ತಾನಾಗೇ ಟೈಪ್ ಮಾಡುತ್ತೆ. ಹಾಗಾದರೆ ಈ ಸಲ್ಕ್ ಅನ್ನೋದು ಎಲ್ಲಿಂದ ಬಂತು?

ಸಲ್ಕ್‌ಗಿಂತ ಮೊದಲು ಬಂದದ್ದು 'ಸಲ್ಕಿ', ಅಂದರೆ ಮುನಿಸಿನ ಸ್ವಭಾವದವನು. 18ನೇ ಶತಮಾನದ ಮಧ್ಯಭಾಗದಲ್ಲಿ ಅದು ಬರಹದಲ್ಲಿ ಕಾಣಿಸಿಕೊಳ್ಳುತ್ತದೆ. ಆಮೇಲೆ ಅದರ ಬಾಲ ಕತ್ತರಿಸಿ ಸಲ್ಕ್ ಅಂತ ಕ್ರಿಯಾಪದ ಮಾಡಿಕೊಂಡರು. ಮೂಲದಲ್ಲಿ ಹಳೆಯ ಇಂಗ್ಲಿಷಿನ ಒಂದು ಪದ ಇರಬಹುದು ಅಂತಾರೆ ಪಂಡಿತರು. ಅದಕ್ಕೆ ಜಡವಾದ, ಸೋಮಾರಿಯಾದ ಅಂತ ಅರ್ಥ. ಸಿಟ್ಟಿನ ಸುಳಿವೇ ಅದರಲ್ಲಿಲ್ಲ ಅನ್ನೋದನ್ನ ಗಮನಿಸಿ. ಅಲ್ಲಾಡದೆ ಕೂತವನು, ಹೇಳಿದ ಕೆಲಸ ಮಾಡದವನು. ಅವನನ್ನು ನೋಡುತ್ತಾ ಪಕ್ಕದಲ್ಲಿ ನಿಂತ ಯಾರೋ ಯಜಮಾನ ಈ ಪದ ಹುಟ್ಟಿಸಿದ ಹಾಗಿದೆ.

ಇದಕ್ಕಿಂತ ಮಜವಾದ್ದು ಇನ್ನೊಂದಿದೆ. 'ಸಲ್ಕಿ' ಅಂತ ಒಂದು ಗಾಡಿಯೂ ಇದೆ. 1750ರ ದಶಕದಿಂದ ಇಂಗ್ಲಿಷಿನಲ್ಲಿ ಆ ಹೆಸರು ಸಿಗುತ್ತದೆ. ಎರಡು ಚಕ್ರ, ಒಂದು ಕುದುರೆ, ಒಂದೇ ಸೀಟು. ಪಕ್ಕದಲ್ಲಿ ಇನ್ನೊಬ್ಬರು ಕೂರುವಂತಿಲ್ಲ. ಯಾರ ಸಹವಾಸವೂ ಬೇಡ ಅಂತ ಒಬ್ಬನೇ ಹೋಗುವವನ ಗಾಡಿ, ಅದಕ್ಕೇ ಆ ಹೆಸರು. ಕುದುರೆ ಓಡದೆ ಚುರುಕಾಗಿ ಹೆಜ್ಜೆ ಹಾಕಿಕೊಂಡು ಗಾಡಿ ಎಳೆಯುವ ಒಂದು ಬಗೆಯ ರೇಸ್ ಫ್ರಾನ್ಸ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಈಗಲೂ ನಡೆಯುತ್ತೆ. ಆ ಗಾಡಿಗೆ ಇಂದಿಗೂ ಸಲ್ಕಿ ಅಂತಲೇ ಕರೀತಾರೆ. ಕ್ವಾಲಿಸ್, ಇನ್ನೋವಾ ಅಂತ ಇಡೀ ಕುಟುಂಬವನ್ನು ಅಜ್ಜಿ ಸಮೇತ ತುಂಬಿಕೊಂಡು ಧರ್ಮಸ್ಥಳಕ್ಕೆ ಹೋಗುವ ಗಾಡಿಗಳನ್ನು ದೇಶಕ್ಕೆ ಕೊಟ್ಟ ಊರು ಬಿಡದಿ. ಅಲ್ಲಿಂದ ಎದ್ದ ಪ್ರಶ್ನೆಗೆ ಸಿಕ್ಕ ಉತ್ತರ ಒಂಟಿ ಸೀಟಿನ ಗಾಡಿ!

ಇಂಗ್ಲಿಷಿನವರಿಗೆ ಮುನಿಸು ಅಂದರೆ ಒಂಟಿತನ ಅನ್ನೋದಕ್ಕೆ ಇನ್ನೊಂದು ಸಾಕ್ಷಿ 'ಸಲನ್' ಅನ್ನುವ ಪದ. ಮುಖ ಗಂಟಿಕ್ಕಿಕೊಂಡವನು ಅಂತ ಅರ್ಥ. ಅದರ ಬೇರು ಲ್ಯಾಟಿನ್ನಿನ 'ಸೋಲುಸ್', ಅಂದರೆ ಒಬ್ಬನೇ. ನಮ್ಮ ಕಡೆ ಮುನಿಸಿಕೊಂಡವರು ಒಬ್ಬರೇ ಕೂರುವುದಕ್ಕಿಂತ ಮುಖ ಊದಿಸಿಕೊಳ್ಳುವುದು ಹೆಚ್ಚು. ಅದೂ ಅವರಲ್ಲಿದೆ. 'ಪೌಟ್' ಅಂದರೆ ತುಟಿ ಮುಂದೆ ಮಾಡಿ ಮುನಿಸಿಕೊಳ್ಳುವುದು, ಅದರ ಮೂಲದ ಅರ್ಥ ಊದಿಕೊಳ್ಳುವುದು. ಇನ್ನೊಂದು ಪದ ಕೇಳಿದರೆ ನೀವು ನಗ್ತೀರಿ. ಮಕ್ಕಳಿಗೆ ಮಂಗನಬಾವು ಬರುತ್ತಲ್ಲ, ಗದ್ದ ಕೆನ್ನೆ ಎಲ್ಲ ಬಾತುಕೊಂಡು? ಡಾಕ್ಟರು ಅದಕ್ಕೆ 'ಮಂಪ್ಸ್' ಅಂತಾರೆ. ನಾನೂರು ವರ್ಷದ ಹಿಂದೆ ಆ ಪದಕ್ಕೆ ಗುಮ್ಮನೆ ಮುನಿಸಿಕೊಂಡು ಕೂರುವುದು ಅಂತಲೂ ಅರ್ಥ ಇತ್ತು. "ಯಾಕ್ಲಾ ಮಖ ಊದಿಸ್ಕಂಡಿದ್ದೀಯಾ" ಅಂತ ರಾಮನಗರದ ಅಜ್ಜಿ ಮೊಮ್ಮಗನನ್ನ ಕೇಳಿದರೆ ಅದರಲ್ಲಿ ಇಂಗ್ಲಿಷಿನ ಮೂರು ಪದಗಳ ಇತಿಹಾಸ ಬಂದುಹೋಯಿತು.

ನಮ್ಮ 'ಮುನಿಸು' ಹೀಗೆ ಚಿಕ್ಕದಾಗಿ ಹುಟ್ಟಿದ್ದಲ್ಲ. 'ಮುನಿ' ಅನ್ನೋದು ಹಳಗನ್ನಡದಿಂದ ಬಂದ ಕ್ರಿಯಾಪದ, ತಮಿಳಿನಲ್ಲೂ ಇದೆ. ಸಿಟ್ಟಾಗು ಅಂತ ಅರ್ಥ, ಪೂರ್ತಿ ಸಿಟ್ಟು. ಹರ ಮುನಿದರೆ ಗುರು ಕಾಯುವನು ಅಂತ ಗಾದೆ ಹೇಳ್ತೀವಲ್ಲ, ಅಲ್ಲಿ ಶಿವ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿಲ್ಲ, ಮೂರನೇ ಕಣ್ಣು ಬಿಡುವ ಸಿಟ್ಟು ಅದು. ಬಸವಣ್ಣನವರು ಬೇಡ ಅಂದ ಏಳು ಸಂಗತಿಗಳ ಪಟ್ಟಿಯಲ್ಲಿ ಮುನಿಯುವುದಕ್ಕೂ ಜಾಗ ಇದೆ, ಕಳವು ಕೊಲೆಗಳ ಪಕ್ಕದಲ್ಲೇ. ತಪಸ್ಸು ಮಾಡುವ ಮುನಿ ಬೇರೆ, ಅದು ಸಂಸ್ಕೃತದ್ದು, ಮೌನ ಅನ್ನುವ ಪದ ಅದರಿಂದಲೇ ಆದದ್ದು. ಎರಡಕ್ಕೂ ಸಂಬಂಧವಿಲ್ಲ. ದೂರ್ವಾಸರು ಮಾತ್ರ ಎರಡೂ ಅರ್ಥದಲ್ಲಿ ಮುನಿ, ಅದು ಬೇರೆ ಮಾತು.

ಹೀಗೆ ದೇವರು ದೊರೆಗಳ ಹತ್ತಿರ ಇದ್ದ ಪದ ಬರಬರುತ್ತಾ ಮನೆಯೊಳಗೆ ಸೇರಿಕೊಂಡಿತು. ಗಂಡ ಹೆಂಡತಿಯ ಹುಸಿಮುನಿಸು, ಸತ್ಯಭಾಮೆಯ ಪಾರಿಜಾತದ ಮುನಿಸು, ದೀಪಾವಳಿಗೆ ಬಂದ ಅಳಿಯನ ಮುನಿಸು. ತಮಿಳರು ಪ್ರೇಮಿಗಳ ಈ ಮುನಿಸಿಗೆ 'ಊಡಲ್' ಅಂತಾರೆ, ತಿರುಕ್ಕುರಳ್‌ನ ಕೊನೆಯ ಅಧ್ಯಾಯವೇ ಅದರ ಸುಖದ ಮೇಲಿದೆ. ತಿರುವಣ್ಣಾಮಲೈನಲ್ಲಿ ಸಂಕ್ರಾಂತಿಯ ಮಾರನೇ ದಿನ ದೇವರು ದೇವಿಗೆ ಮುನಿಸು ಬರಿಸಿ ಬೀದಿಯಲ್ಲೇ ಉತ್ಸವ ಮಾಡ್ತಾರೆ. ಇಲ್ಲೆಲ್ಲ ಮುನಿಸು ಅಂದರೆ ಒಲಿಸಿಕೊಳ್ಳಲಿ ಅಂತ ಕಾಯುವುದು. ಬಾಗಿಲು ಹಾಕಿಕೊಂಡರೂ ಚಿಲಕ ಹಾಕುವುದಿಲ್ಲ.

ಬಾಗಿಲು ಅಂದೆನಲ್ಲ, ಅದಕ್ಕೆ ಬರ್ತೀನಿ. ದೊಡ್ಡವರ ಮನೆಯಲ್ಲಿ ಮುನಿಸಿಗೆ ಪ್ರತ್ಯೇಕ ಕೋಣೆ ಇರುತ್ತೆ. ಶ್ರೀಮಂತ ಹೆಂಗಸರ ಖಾಸಗಿ ಕೋಣೆಗೆ ಫ್ರೆಂಚರು 'ಬುದ್ವಾರ್' ಅಂತ ಹೆಸರಿಟ್ಟರು, ಇಂಗ್ಲಿಷಿನವರೂ ಅದನ್ನೇ ತಗೊಂಡರು. 'ಬುದೇ' ಅಂದರೆ ಮುನಿಸಿಕೊಳ್ಳುವುದು. ಅಕ್ಷರಶಃ ಮುನಿಸಿನ ಕೋಣೆ! ನಮ್ಮಲ್ಲಿ ಇದು ಅದಕ್ಕಿಂತ ಎಷ್ಟೋ ಹಳೆಯದು. ಅಯೋಧ್ಯೆಯ ಅರಮನೆಯಲ್ಲಿ ಕ್ರೋಧಾಗಾರ ಅಂತಲೇ ಇತ್ತು. ಕೈಕೇಯಿ ಆಭರಣ ಚೆಲ್ಲಿ ನೆಲದ ಮೇಲೆ ಮಲಗಿದ್ದು ಅಲ್ಲೇ. ದಶರಥ ತಾನೇ ಹುಡುಕಿಕೊಂಡು ಅಲ್ಲಿಗೆ ಬಂದ, ಏನು ಬೇಕು ಅಂತ ಕೇಳಿದ. ಎರಡು ವರ ಸಿಕ್ಕಿತು. ಮುಂದಿನದು ರಾಮಾಯಣ.

ನಮ್ಮ ಕಾಲದ ಕ್ರೋಧಾಗಾರ ಎಲ್ಲಿದೆ ಅಂತ ನಿಮಗೆ ನಾನು ಹೇಳಬೇಕಾ? ಬಿಡದಿ ಹತ್ತಿರವೇ ಇದೆ, ಈಗಲ್ಟನ್ ರೆಸಾರ್ಟ್. ಗಾಲ್ಫ್ ಮೈದಾನ, ಈಜುಕೊಳ ಎಲ್ಲ ಇದೆ. 2017ರ ಜುಲೈ ಕೊನೆಯಲ್ಲಿ ರಾಜ್ಯಸಭೆ ಚುನಾವಣೆಗೆ ಮುಂಚೆ ಗುಜರಾತಿನ ನಲವತ್ತಕ್ಕೂ ಹೆಚ್ಚು ಕಾಂಗ್ರೆಸ್ ಶಾಸಕರನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದು ಅಲ್ಲೇ ಇಟ್ಟಿದ್ದರು. 2018ರ ಮೇನಲ್ಲಿ ನಮ್ಮದೇ ವಿಧಾನಸಭೆಯ ಫಲಿತಾಂಶ ಬಂದಾಗ ಕಾಂಗ್ರೆಸ್ ಶಾಸಕರು ಮೊದಲು ಬಸ್ಸು ಇಳಿದದ್ದು ಅಲ್ಲೇ. 2019ರ ಜನವರಿಯಲ್ಲಿ ಮತ್ತೆ ಅಲ್ಲೇ. ಆ ಸಲ ಒಂದು ರಾತ್ರಿ ಶಾಸಕರಿಬ್ಬರ ನಡುವೆ ಜಗಳವಾಗಿ ಒಬ್ಬರು ಆಸ್ಪತ್ರೆ ಸೇರಿದರು. ಇವರೆಲ್ಲರೂ ಮುನಿಸಿಕೊಂಡವರಲ್ಲ, ಮುನಿಸಿಕೊಳ್ಳದಿರಲಿ ಅಂತ ಕೂಡಿಹಾಕಿದವರೇ ಹೆಚ್ಚು. ಅದೇ ವರ್ಷ ಜುಲೈನಲ್ಲಿ 'ಅತೃಪ್ತ'ರು ರಾಜೀನಾಮೆ ಬರೆದು ಮುಂಬೈ ಹೋಟೆಲು ಸೇರಿದರು, ಜುಲೈ 23ಕ್ಕೆ ಸರ್ಕಾರ ಬಿತ್ತು.

ಆ ಮೂರೂ ಸಲ ನಮ್ಮ ಓಬಿ ವ್ಯಾನ್‌ಗಳು ರೆಸಾರ್ಟಿನ ಗೇಟಿನ ಮುಂದೆ ಹಗಲು ರಾತ್ರಿ ನಿಂತಿದ್ದವು. ಯಾರಿಗೆ ಯಾವ ಖಾತೆ ಬೇಕು, ಯಾರಿಗೆ ನಿಗಮ ಮಂಡಳಿ ಸಾಕು, ಯಾರ ಕ್ಷೇತ್ರಕ್ಕೆ ಅನುದಾನ ಕಮ್ಮಿಯಾಗಿದೆ, ಇದನ್ನೆಲ್ಲ ನಾವು ಎಳೆಎಳೆಯಾಗಿ ಬಿಡಿಸಿ ಹೇಳಿದೆವು. ಅವರು ಬಾಯಿ ಬಿಡದಿದ್ದರೂ ಅವರ ಮೌನಕ್ಕೆ ಅರ್ಥ ಹಚ್ಚಿ, ಗ್ರಾಫಿಕ್ಸ್ ಮಾಡಿ, ಬಣ್ಣ ಕೊಟ್ಟು ತೋರಿಸಿದೆವು. ಶಾಸಕರು ಮುಖ ಊದಿಸಿಕೊಂಡು ಕೂತರೆ ನಾವು ಅದನ್ನು ಬೇಡಿಕೆ ಅಂತ ಓದ್ತೀವಿ. ಅಲ್ಲಿಂದ ಸ್ವಲ್ಪ ದೂರದಲ್ಲಿ ಶಾಮಿಯಾನದ ಕೆಳಗೆ ಕೂತವರು ಐದು ಬೇಡಿಕೆ ಬರೆದು ಸೀಲು ಹಾಕಿಸಿ ಕೊಟ್ಟರೆ ಅದನ್ನು ಮುನಿಸು ಅಂತ ಓದ್ತೀವಿ. ಓದಿದವನು ನಾನೇ, ಬೇರೆಯವರ ಮೇಲೆ ಹಾಕುವ ಹಾಗಿಲ್ಲ.

ಇದು ಬರೀ ಪದದ ವಿಷಯ ಬಿಡಿ ಅನ್ನುವವರಿಗೆ ಸಲ್ಕಿಯ ಇನ್ನೊಂದು ಕತೆ ಹೇಳಬೇಕು. ಗಾಡಿ ಕತೆಯ ಹಾಗೆ ನಗುವಂಥದ್ದಲ್ಲ.

1787ರಲ್ಲಿ ಥಾಮಸ್ ಕ್ಲಾರ್ಕ್‌ಸನ್ ಎಂಬ ಇಂಗ್ಲಿಷ್ ಯುವಕ ಗುಲಾಮರ ವ್ಯಾಪಾರದ ವಿರುದ್ಧ ಸಾಕ್ಷ್ಯ ಹುಡುಕುತ್ತಾ ಲಿವರ್‌ಪೂಲ್‌ಗೆ ಹೋದ. ಆಫ್ರಿಕಾದಿಂದ ಜನರನ್ನು ಹಿಡಿದು ತುಂಬಿಕೊಂಡು ಹೋಗುವ ಹಡಗುಗಳು ಹೊರಡುತ್ತಿದ್ದ ಬಂದರು ಅದು. ಒಂದು ಅಂಗಡಿಯ ಕಿಟಕಿಯಲ್ಲಿ ಕೈಕೋಳ, ಕಾಲುಬೇಡಿಗಳ ಜೊತೆಗೆ ಕತ್ತರಿಯ ಹಾಗಿದ್ದ ಒಂದು ಕಬ್ಬಿಣದ ಸಾಧನ ಕಂಡಿತು. ಇದು ಯಾಕೆ ಅಂತ ಕೇಳಿದ. ಕಚ್ಚಿಕೊಂಡ ಬಾಯಿಯನ್ನು ಬಲವಂತವಾಗಿ ತೆರೆಸುವುದಕ್ಕೆ. ಹಡಗಿನಲ್ಲಿ ಗುಲಾಮರು ಎಷ್ಟೋ ಸಲ 'ಸಲ್ಕಿ' ಆಗಿ ಊಟ ಮುಟ್ಟದೆ ಬಾಯಿ ಮುಚ್ಚಿಬಿಡುತ್ತಾರೆ, ಆಗ ಬೇಕಾಗುತ್ತೆ ಅಂತ ಅಂಗಡಿಯವನು ವಿವರಿಸಿದ. ಕ್ಲಾರ್ಕ್‌ಸನ್ ಅದನ್ನು ಕೊಂಡುಕೊಂಡ, ಮುಂದೆ ತನ್ನ ಪುಸ್ತಕದಲ್ಲಿ ಬರೆದ.

ಯೋಚನೆ ಮಾಡಿ. ಹೆಂಡತಿ ಮಕ್ಕಳಿಂದ ಕಿತ್ತು, ಸರಪಳಿ ಹಾಕಿ, ಹಡಗಿನ ತಳದಲ್ಲಿ ಮಲಗಿಸಿದ ಮನುಷ್ಯ ಅನ್ನ ಬೇಡ ಅಂತಾನೆ. ಸಾಯುವುದೇ ಮೇಲು ಅಂತ ತೀರ್ಮಾನ ಮಾಡಿದ್ದಾನೆ. ಹಡಗಿನ ಲೆಕ್ಕದಲ್ಲಿ ಅದು ಮುನಿಸು. ಮುನಿಸು ಅಂತ ಕರೆದ ಮೇಲೆ ಏನು ಬೇಕು ಅಂತ ಅವನನ್ನು ಕೇಳಬೇಕಾಗಿಲ್ಲ, ಬಾಯಿ ತೆರೆಸಿದರೆ ಆಯಿತು. ನಮ್ಮ ಟಿಕ್ಕರನ್ನು ಅದಕ್ಕೆ ಹೋಲಿಸುತ್ತಿಲ್ಲ, ಅಷ್ಟು ತಲೆಕೆಟ್ಟಿಲ್ಲ ನನಗೆ. ಆದರೆ ಆ ಪದ ಮಾಡುವ ಕೆಲಸ ಎರಡೂ ಕಡೆ ಒಂದೇ ಅಂತ ಮಾತ್ರ ಹೇಳ್ತೀನಿ. ಒಬ್ಬನ ಮಾತನ್ನು ಅದು ಅವನ ಮುಖಭಾವ ಮಾಡಿಬಿಡುತ್ತೆ.

'ಸ್ಟ್ರೈಕ್' ಅನ್ನುವ ಪದಕ್ಕೆ ಈಗಿನ ಅರ್ಥ ಬಂದದ್ದೂ ಹೆಚ್ಚುಕಮ್ಮಿ ಇದೇ ಕಾಲದಲ್ಲಿ, ಹಡಗಿನಿಂದಲೇ. 1768ರಲ್ಲಿ ಲಂಡನ್ನಿನ ನಾವಿಕರು ಕೂಲಿಗಾಗಿ ಒಟ್ಟಾಗಿ ಹಾಯಿ ಇಳಿಸಿ ಹಡಗುಗಳನ್ನು ನಿಲ್ಲಿಸಿದರು. ಹಾಯಿ ಇಳಿಸುವುದಕ್ಕೆ ಅವರ ಭಾಷೆಯಲ್ಲಿ ಸ್ಟ್ರೈಕ್ ಅಂತಿದ್ದರು. ಸಲ್ಕಿ ಗಾಡಿಗೂ ಇದಕ್ಕೂ ಹತ್ತು ಹನ್ನೆರಡು ವರ್ಷದ ಅಂತರ ಅಷ್ಟೆ. ಒಂದರಲ್ಲಿ ಒಬ್ಬನೇ ಕೂತಿದ್ದಾನೆ, ಇನ್ನೊಂದರಲ್ಲಿ ಎಲ್ಲರೂ ಒಟ್ಟಿಗೆ ಇದ್ದಾರೆ. ನಮ್ಮ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಮುಷ್ಕರಕ್ಕೆ ಕೊಟ್ಟಿದ್ದ ವ್ಯಾಖ್ಯೆಯಲ್ಲೂ ಮುಖ್ಯವಾಗಿದ್ದದ್ದು ಇದೇ. ಕೆಲಸಗಾರರು ಒಟ್ಟುಗೂಡಿ ಕೆಲಸ ನಿಲ್ಲಿಸುವುದು. ಒಬ್ಬನೇ ಮುಖ ಊದಿಸಿಕೊಂಡು ಮಿಷನ್ ಆಫ್ ಮಾಡಿದರೆ ಕಾನೂನಿನ ಕಣ್ಣಲ್ಲಿ ಅದು ಮುಷ್ಕರ ಅಲ್ಲ.

ಇಲ್ಲಿ ನನ್ನ ವಾದಕ್ಕೇ ಅಡ್ಡ ಬರುವ ಒಂದು ಸಂಗತಿ ಸಿಕ್ಕಿತು. ಬಚ್ಚಿಡಬಾರದು, ಹೇಳಿಬಿಡ್ತೀನಿ. ಕನ್ನಡದಲ್ಲಿ 'ಮುಷ್ಕರ' ಅಂದರೆ ಹಟ, ಮೊಂಡುತನ ಅಂತ ಅರ್ಥ. ಮಗು ಮುಷ್ಕರ ಹಿಡಿದಿದೆ ಅಂತ ಹಳಬರು ಈಗಲೂ ಅಂತಾರೆ. ಅಂದರೆ ಸ್ಟ್ರೈಕಿಗೆ ನಾವು ಕೊಟ್ಟ ಹೆಸರೇ ಹಟಮಾರಿತನ! ಹೆಸರಿಟ್ಟವರು ಗೇಟಿನ ಯಾವ ಕಡೆ ನಿಂತಿದ್ದರು ಅಂತ ಊಹೆ ಮಾಡಿಕೊಳ್ಳಿ. ಆದರೆ ಆ ಪದವನ್ನು ಕಾರ್ಮಿಕರು ಬಿಟ್ಟುಕೊಡಲಿಲ್ಲ. ಕರಪತ್ರದ ಮೇಲೆ, ಬ್ಯಾನರಿನ ಮೇಲೆ ತಾವೇ ಬರೆದುಕೊಂಡರು. 1980-81ರಲ್ಲಿ ಎಚ್ಎಎಲ್, ಬಿಇಎಲ್, ಐಟಿಐ, ಎಚ್ಎಂಟಿ ಅಂತ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು 77 ದಿನ ಕೆಲಸ ನಿಲ್ಲಿಸಿದಾಗ ಅದನ್ನು ಯಾರೂ ಹಟ ಅಂತ ಓದಲಿಲ್ಲ, ಮುಷ್ಕರ ಅಂತಲೇ ಓದಿದರು. ಇವತ್ತು ಮುಷ್ಕರ ಅಂದರೆ ಯಾರಿಗೂ ಮಗುವಿನ ನೆನಪಾಗುವುದಿಲ್ಲ.

ಬಿಡದಿಯ ದೊಡ್ಡ ಮುಷ್ಕರ ಎಲ್ಲರಿಗೂ ನೆನಪಿರಬೇಕು. ಟೊಯೋಟಾ ಕಿರ್ಲೋಸ್ಕರ್ ಮೋಟಾರ್‌ನಲ್ಲಿ 2020ರ ನವೆಂಬರ್ 9ರಂದು ನೌಕರರೊಬ್ಬರ ಅಮಾನತು ವಿರೋಧಿಸಿ ಸಂಘದವರು ಕಾರ್ಖಾನೆಯೊಳಗೇ ಧರಣಿ ಕೂತರು. ಮಾರನೇ ದಿನ ಕಂಪನಿ ಲಾಕೌಟ್ ಘೋಷಿಸಿತು. ಧರಣಿ ಕಾನೂನುಬಾಹಿರ ಅಂತ ಕಂಪನಿ, ಕೆಲಸದ ಹೊರೆ ತಾಳಲಾಗದ್ದು ಅಂತ ಸಂಘ. ಸರ್ಕಾರ ಮುಷ್ಕರ, ಲಾಕೌಟ್ ಎರಡನ್ನೂ ನಿಷೇಧಿಸಿತು. ತೆರೆದ ಬಾಗಿಲು ಮತ್ತೆ ಮುಚ್ಚಿತು. ಎಲ್ಲ ಮುಗಿಯುವ ಹೊತ್ತಿಗೆ 2021ರ ಮಾರ್ಚ್ ಬಂದಿತ್ತು. ಯಾರದು ಸರಿ ಅಂತ ಇಲ್ಲಿ ತೀರ್ಪು ಕೊಡುವುದಿಲ್ಲ. ಇಬ್ಬರಿಗೂ ಹೇಳುವುದಕ್ಕೆ ಇತ್ತು, ಇಬ್ಬರೂ ಹೇಳಿದರು. ಬಾಯಿ ಬಿಡದೆ ಕೂತವರು ಅಲ್ಲಿ ಯಾರೂ ಇರಲಿಲ್ಲ.

ಕೆರೆ ಮೇಲೆ ಮುನಿಸಿಕೊಂಡು ಅಂಡು ತೊಳೆಯದವನ ಗಾದೆ ನಿಮಗೆ ಗೊತ್ತಿದೆ. ಮುನಿಸಿಕೊಂಡವನಿಗೇ ನಷ್ಟ, ಕೆರೆಗೆ ಗೊತ್ತೂ ಆಗುವುದಿಲ್ಲ. ಕೋಳಿ ಅಜ್ಜಿಯ ಕತೆಯೂ ಅದೇ, ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದು ಅಂತ ಮುನಿಸಿಕೊಂಡು ಹೊರಟುಹೋದವಳು. ಊರಿಗೆ ಬೆಳಗಾಯಿತು. ಕಾರ್ಖಾನೆಯ ವಿಷಯ ಹಾಗಲ್ಲ. ಅಲ್ಲಿ ನೂರು ಕೋಳಿ ಒಟ್ಟಿಗೆ ಸುಮ್ಮನಾದರೆ ಶಿಫ್ಟು ಶುರುವಾಗುವುದಿಲ್ಲ. ಆದ್ದರಿಂದಲೇ ಅದನ್ನು ಅಜ್ಜಿಯ ಮುನಿಸು ಮಾಡಿ ತೋರಿಸುವುದು ಕೆಲವರಿಗೆ ಅನುಕೂಲ.

ಮಾರನೇ ದಿನ ಡೆಸ್ಕಿನಲ್ಲಿ ಈ ವಿಷಯ ತೆಗೆದೆ. ಹೊಸದಾಗಿ ಸೇರಿದ ಹುಡುಗಿ ಕೇಳಿದಳು, "ಸಾರ್, ಹಾಗಾದ್ರೆ ಏನ್ ಹಾಕ್ಲಿ? ಜಾಗ ಇಲ್ವಲ್ಲಾ?" ಮುಷ್ಕರ ಹಾಕು, ನಾಲ್ಕು ಅಕ್ಷರ, ಒಂದು ಅಕ್ಷರ ಜಾಸ್ತಿ ಆದ್ರೆ ಆಗಲಿ ಅಂದೆ. ಅವಳು ಎಣಿಸಿ ನೋಡಿ, "ಸಾರ್, ಮುಷ್ಕರನೂ ಮೂರೇ" ಅಂದಳು. ಡೆಸ್ಕ್ ಪೂರ್ತಿ ನಕ್ಕಿತು.

ಶಾಮಿಯಾನ ಇನ್ನೂ ಅಲ್ಲೇ ಇತ್ತು. ಸಂಜೆಯ ಬುಲೆಟಿನ್‌ನಲ್ಲಿ ಹಿಂದಿನ ಪದ ತಪ್ಪಾಗಿತ್ತು ಅಂತ ಹೇಳಿ, ಜೆರಾಕ್ಸ್ ಪ್ರತಿಯನ್ನು ಮುಂದಿಟ್ಟುಕೊಂಡು ಬೇಡಿಕೆಗಳನ್ನು ಓದಿದೆ. ಸಂಬಳ ಪರಿಷ್ಕರಣೆ, ಬಸ್ಸು, ತರಬೇತಿಯ ಹೆಸರಲ್ಲೇ ವರ್ಷಗಟ್ಟಲೆ ದುಡಿಯುತ್ತಿರುವ ಹುಡುಗರನ್ನು ಕಾಯಂ ಮಾಡುವುದು, ತೆಗೆದುಹಾಕಿದ ಇಬ್ಬರ ವಾಪಸಾತಿ. ಅಷ್ಟರಲ್ಲಿ ಇಯರ್‌ಪೀಸಿನಲ್ಲಿ ಪ್ರೊಡ್ಯೂಸರ್, ಬ್ರೇಕ್ ಬ್ರೇಕ್ ಅಂತ ಕೂಗಿದರು. ಮುಗಿಸಿದೆ.

ಮೇಕಪ್ ಒರೆಸಿಕೊಳ್ಳುವಾಗ ಫೋನಿಗೆ ಮೆಸೇಜು ಬಂತು. "ಈಗ ಸರಿ ಸಾರ್. ಐದನೇದ್ ಬಿಟ್ಬಿಟ್ರಿ. ಕ್ಯಾಂಟೀನು."